ಬಾಡಿ ಎತ್ತದೆ ಚಾಸಿಯ ತೀರ್ಪು ಹೇಳಲಾಗದು

ಪ್ರಶ್ನೆ: ಕಾಕಾ, ನಮಸ್ಕಾರ. ನಾನು ರೋಣದ ಕಡೆಯವನು, ಈಗ ವಾಸ್ಕೋದ ಬೈನಾದಲ್ಲಿದ್ದೇನೆ. 2012ರ ಪಿಕಪ್ ಒಂದನ್ನು ಸೆಕೆಂಡ್ ಹ್ಯಾಂಡಿಗೆ ತೆಗೆದುಕೊಂಡು ಖಾರಿವಾಡ ಜೆಟ್ಟಿಯಿಂದ ಬೆಳಗಾವಿಗೆ ಮೀನು ಸಾಗಿಸುತ್ತೇನೆ, ಚೋರ್ಲಾ ಘಾಟಿನ ಮೇಲೆ. ಹಿಂದಿನ ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ನೇತುಹಾಕುವ ಹ್ಯಾಂಗರ್ ಹತ್ತಿರ ಚಾಸಿ ಪದರು ಪದರಾಗಿ ಏಳುತ್ತಿದೆ. ಸ್ಕ್ರೂಡ್ರೈವರ್ ಒತ್ತಿದರೆ ಒಂದು ಕಡೆ ತೂತೇ ಬಿತ್ತು. ಒಬ್ಬ ಮೇಸ್ತ್ರಿ 'ಮೇಲೊಂದು ಪ್ಲೇಟ್ ಹೊಡೆದು ಕಪ್ಪು ಬಳಿಯೋಣ, ಆರ್‌ಟಿಒ ಪಾಸಿಂಗ್ ಆಗುತ್ತದೆ' ಅಂದ. ಇನ್ನೊಬ್ಬ 'ಭಂಗಾರಕ್ಕೆ ಹಾಕು' ಅಂದ, ಅಂದರೆ ಗುಜರಿಗೆ. ಪಕ್ಕದ ಮನೆಯವನು ಸುಟ್ಟ ಆಯಿಲ್ ಹೊಡೆಸು ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ತಮ್ಮಾ, ಕಾಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಇಬ್ಬರು ಮೇಸ್ತ್ರಿಗಳೂ ಗಾಡಿಯ ಕೆಳಗೆ ಟಾರ್ಚ್ ಹಿಡಿದು ಬಗ್ಗಿ ನೋಡಿಯೇ ಹೇಳಿರಬೇಕು. ಕೆಳಗಿನಿಂದ ಕಾಣುವುದು ಅರ್ಧ ಚಾಸಿ. ಉಳಿದರ್ಧ ನಿನ್ನ ಲೋಡ್ ಬಾಡಿಯ ಅಡಿಗೆ ಮುಚ್ಚಿಕೊಂಡಿದೆ, ಮೀನಿನ ಗಾಡಿಯಲ್ಲಿ ಮೊದಲು ಸಾಯುವುದೂ ಆ ಅರ್ಧವೇ. ಬಾಡಿ ಎತ್ತಿ ನೋಡುವ ತನಕ ವೆಲ್ಡಿಂಗ್ ಅನ್ನುವುದೂ ಊಹೆ, ಭಂಗಾರ ಅನ್ನುವುದೂ ಊಹೆ.

ಯಾಕೆ ಹಾಗೆ ಅಂತ ಮೊದಲು ತಿಳಿದುಕೋ. ಚಾಸಿಯ ಉದ್ದಕ್ಕೂ ಹೋಗುವ ಉಕ್ಕಿನ ತೊಲೆಗಳ, ಅಂದರೆ ಚಾನಲ್‌ಗಳ, ಮೇಲೆ ಬಾಡಿ ನೇರವಾಗಿ ಕೂತಿರುವುದಿಲ್ಲ. ನಡುವೆ ಮರದ ಪಟ್ಟಿಯೋ ರಬ್ಬರ್ ಪ್ಯಾಕಿಂಗೋ ಇರುತ್ತದೆ. ಕ್ರೇಟಿನಿಂದ ಸೋರಿದ ಐಸ್ ನೀರು, ಮೀನಿನ ರಕ್ತ, ಸಮುದ್ರದ ಉಪ್ಪು ಎಲ್ಲ ಸೇರಿ ಬಾಡಿಯ ಸಂದಿನಿಂದ ಇಳಿದು ಆ ಮರದ ಪಟ್ಟಿಗೆ ಹೋಗಿ ಸೇರುತ್ತದೆ. ಮರ ಅದನ್ನು ಸ್ಪಂಜಿನ ಹಾಗೆ ಹೀರಿ ಇಟ್ಟುಕೊಳ್ಳುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನೀರು ಆರಿದರೂ ಉಪ್ಪು ಅಲ್ಲೇ ಉಳಿಯುತ್ತದೆ, ಮರುದಿನದ ಟ್ರಿಪ್ಪಿನದು ಅದರ ಮೇಲೆ ಕೂರುತ್ತದೆ.

'ಎರಡು ದಿನ ಬಿಸಿಲಿಗೆ ನಿಲ್ಲಿಸಿದ್ದೆ ಕಾಕಾ, ಒಣಗಿತ್ತು' ಅಂತ ಎಷ್ಟೋ ಡ್ರೈವರುಗಳು ನನಗೆ ಹೇಳಿದ್ದಾರೆ. ಆಷಾಢದಲ್ಲಿ ನಿಮ್ಮವ್ವ ಉಪ್ಪಿನ ಭರಣಿಯ ಬಾಯಿ ಬಿಗಿಯಾಗಿ ಕಟ್ಟುವುದು ಯಾಕೆ? ಗಾಳಿಯ ತೇವ ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ತಾನೇ ನೀರೊಡೆಯುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಲವಣಗಳೂ ಇರುವುದರಿಂದ ಅದು ಇನ್ನೂ ಕಡಿಮೆ ತೇವಕ್ಕೇ ಒದ್ದೆಯಾಗುತ್ತದೆ. ವಾಸ್ಕೋದಲ್ಲಿ ಮಳೆಗಾಲ ಬಿಡು, ಚಳಿಗಾಲದ ಬೆಳಗಿನ ಜಾವವೂ ಅಷ್ಟು ತೇವ ಇರುತ್ತದೆ. ಅಂದರೆ ನಿನ್ನ ಚಾಸಿಯ ಮೇಲಿನ ಉಪ್ಪು ರಾತ್ರಿಯೆಲ್ಲ ಗಾಳಿಯಿಂದಲೇ ನೀರು ಕುಡಿದು, ಮಳೆಯ ಒಂದು ಹನಿಯೂ ಬೀಳದೆ ಕಬ್ಬಿಣ ತಿನ್ನುತ್ತಿರುತ್ತದೆ.

ಇದರಿಂದಲೇ ಒಂದು ವಿಚಿತ್ರ ನಡೆಯುತ್ತದೆ. ಮಳೆಗೆ ನೇರ ಸಿಗುವ ಬಂಪರ್, ಬಾಡಿಯ ಹೊರಮೈ ಅಷ್ಟಾಗಿ ಕೆಡುವುದಿಲ್ಲ, ಮಳೆ ಕಾಣದ ಅಡಿಭಾಗ ಕೊಳೆಯುತ್ತದೆ. ಮೇಲಿನ ಉಪ್ಪನ್ನು ಮಳೆ ತೊಳೆಯುತ್ತದೆ, ಕೆಳಗಿನದನ್ನು ತೊಳೆಯುವವರು ಯಾರು? ನನ್ನ ಗಿರಾಕಿಯೊಬ್ಬರು ಪ್ರತಿ ಸಲ ಕೊಡಚಾದ್ರಿಯ ಗುಡಿ ಮುಂದಿನ ಕಬ್ಬಿಣದ ಕಂಬದ ಮಾತು ತೆಗೆಯುತ್ತಾರೆ, ಆ ಮಳೆಯಲ್ಲಿ ಅದು ಹೇಗೆ ನಿಂತಿದೆ ನೋಡಿ ಅಂತ. ಅದರ ಮೇಲೆ ದಿನಾ ಬಂಗುಡೆ ನೀರು ಬೀಳುವುದಿಲ್ಲ ಯಜಮಾನ್ರೇ ಅನ್ನುವುದು ನನ್ನ ಉತ್ತರ.

ಈ ರೋಗ ನಮಗಷ್ಟೇ ಬಂದದ್ದಲ್ಲ. ಅಮೆರಿಕದ ಚಳಿ ಊರುಗಳಲ್ಲಿ ಹಿಮ ಕರಗಲೆಂದು ರಸ್ತೆಗೇ ಉಪ್ಪು ಎರಚುತ್ತಾರೆ. ಅಲ್ಲಿ 1995ರಿಂದ 2000ದವರೆಗಿನ ಟಕೋಮಾ ಪಿಕಪ್‌ಗಳ ಚಾಸಿ ತೂತು ಬೀಳತೊಡಗಿ, ಟೊಯೊಟಾ 2008ರಲ್ಲಿ ಚಾಸಿ ತುಕ್ಕಿನ ಖಾತ್ರಿಯನ್ನು 15 ವರ್ಷಕ್ಕೆ ಏರಿಸಿತು, ತೀರ ಹಾಳಾದ ಗಾಡಿಗಳನ್ನು ತಾನೇ ವಾಪಸ್ ಕೊಂಡಿತು. ಮುಂದಿನ ಮಾಡೆಲ್‌ಗಳ ಮೇಲೂ ಕೋರ್ಟಿನಲ್ಲಿ ದಾವೆ ಬಿದ್ದು 2016ರಲ್ಲಿ ರಾಜಿಯಾಯಿತು. ಅಲ್ಲಿ ಚಳಿಗಾಲದ ನಾಲ್ಕು ತಿಂಗಳು ಬೀಳುವ ಉಪ್ಪು ನಿನ್ನ ಗಾಡಿಗೆ ಹತ್ತು ತಿಂಗಳು ಬೀಳುತ್ತದೆ. ಖಾತ್ರಿ ಕೊಡುವವರು ಮಾತ್ರ ಇಲ್ಲ.

ಈಗ ಕೆಲಸಕ್ಕೆ ಬರೋಣ. ಚಾಸಿಗಿಂತ ಮೊದಲು, ಇವತ್ತೇ, ಒಂದು ನೋಡು: ಚಾಸಿಯ ಒಳಮೈಗೆ ಅಂಟಿಕೊಂಡು ಹಿಂದಿನ ಚಕ್ರಕ್ಕೆ ಹೋಗುವ ಬ್ರೇಕ್ ಪೈಪು. ಚಾಸಿ ಈ ಗತಿಗೆ ಬಂದಿದ್ದರೆ ಅದೇ ಉಪ್ಪನ್ನು ತಿಂದ ಆ ತೆಳು ಉಕ್ಕಿನ ಪೈಪೂ ಸರಿಯಿರುವುದಿಲ್ಲ. ಕ್ಲಿಪ್ ಹಿಡಿದ ಕಡೆ ಕೆಂಪು ಮಣ್ಣು ಕೂತಿರುತ್ತದೆ, ಪೈಪು ತಿನ್ನಿಸಿಕೊಳ್ಳುವುದು ಅಲ್ಲಿಯೇ. ಒಂದೊಂದೇ ಕ್ಲಿಪ್ ಬಿಚ್ಚಿ ಮಣ್ಣು ಒರೆಸಿ ಬೆರಳಾಡಿಸು. ಪೈಪು ಉಬ್ಬಿದ್ದರೆ, ಉಗುರಿಗೆ ಚಕ್ಕೆ ಸಿಕ್ಕರೆ, ಒದ್ದೆ ಕಂಡರೆ ಪೂರ್ತಿ ಪೈಪ್ ಬದಲಿಸು. ತುಂಡು ಜೋಡಿಸುವ ಕೆಲಸ ಬೇಡ. ಚಾಸಿ ಮುರಿಯುವ ಮುನ್ನ ಕಿರುಗುಟ್ಟುತ್ತದೆ, ವಾಲುತ್ತದೆ, ಏನಾದರೂ ಸುಳಿವು ಕೊಡುತ್ತದೆ. ಬ್ರೇಕ್ ಪೈಪು ಕೊಡುವುದಿಲ್ಲ, ಚೋರ್ಲಾ ಇಳಿಯುವಾಗ ಪೆಡಲ್ ಒಮ್ಮೆಲೇ ನೆಲಕ್ಕೆ ಹೋಗುತ್ತದೆ. ಲೋಡ್ ಕಟ್ಟುವುದನ್ನು ಇವತ್ತೇ ನಿಲ್ಲಿಸು ಅಂತಲೂ ಇದೇ ಉಸಿರಿನಲ್ಲಿ ಹೇಳುತ್ತೇನೆ. ಹ್ಯಾಂಗರ್ ಹತ್ತಿರ ತೂತು ಬಿದ್ದ ಗಾಡಿಯಲ್ಲಿ ಟನ್‌ಗಟ್ಟಲೆ ಮೀನು ಹೇರಿ ಘಾಟ್ ಹತ್ತಬಾರದು.

ಬಾಡಿ ಎತ್ತುವುದು ದೊಡ್ಡ ಕೆಲಸವಲ್ಲ. ಯು-ಬೋಲ್ಟ್‌ಗಳು ಬಿಚ್ಚಲು ಬರುವುದಿಲ್ಲ, ಗ್ರೈಂಡರ್‌ನಿಂದ ಕತ್ತರಿಸಬೇಕು, ಹೊಸದು ಹಾಕಿದರಾಯಿತು. ಬರೀ ಕಬ್ಬಿಣದ ಬಾಡಿಯಾದರೆ ಏಳೆಂಟು ಜನ ಎತ್ತಬಹುದು, ಒಳಗೆ ಥರ್ಮಾಕೋಲ್ ತುಂಬಿದ ಡಬ್ಬ ಕಟ್ಟಿಸಿದ್ದರೆ ಚೈನ್ ಪುಲ್ಲಿ ಬೇಕು. ವೈರಿಂಗ್, ಡೀಸೆಲ್ ತುಂಬುವ ಬಾಯಿಯ ಪೈಪು ಬಿಡಿಸುವುದು ಮರೆಯಬೇಡ. ಅದನ್ನು ಮರೆತು ಎಳೆದು ಹರಿದುಕೊಂಡವರನ್ನು ಕಂಡಿದ್ದೇನೆ.

ಎತ್ತಿದ ಮೇಲೆ ಏನು ಕಾಣುತ್ತದೆ ಅಂತ ಹೇಳುತ್ತೇನೆ. ಮರದ ಪಟ್ಟಿ ಕಪ್ಪಗೆ ಕೊಳೆತು, ಒಂದು ಬದಿ ಬಿಳೀ ಉಪ್ಪು ಹೂವಿನ ಹಾಗೆ ಅರಳಿರುತ್ತದೆ. ಅದನ್ನು ಕಿತ್ತರೆ ಕೆಳಗಿನ ಕಬ್ಬಿಣ ಚಿರೋಟಿಯ ಹಾಗೆ ಎಸಳು ಎಸಳಾಗಿ ಕೈಗೆ ಬರುತ್ತದೆ. ಹೆದರಬೇಡ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ, ಹಾಗಾಗಿ ಬೆರಳು ದಪ್ಪ ಚಕ್ಕೆ ಬಿದ್ದರೂ ಹೋದ ಕಬ್ಬಿಣ ಅಷ್ಟಿರುವುದಿಲ್ಲ. ಈ ಉಬ್ಬುವಿಕೆಗೆ ಎಂಥ ಬಲವೆಂದರೆ ಎರಡು ತಗಡು ಕೂಡಿಸಿ ರಿವೆಟ್ ಹೊಡೆದ ಕಡೆ ನಡುವೆ ತುಕ್ಕು ಬೆಳೆದು ತಗಡನ್ನೇ ಬಾಗಿಸಿ ರಿವೆಟ್ ತಲೆ ಹಾರಿಸುತ್ತದೆ. ಹ್ಯಾಂಗರ್ ಬ್ರಾಕೆಟ್ಟಿನ ಸುತ್ತ ಅದನ್ನೇ ಹುಡುಕು.

ಚಕ್ಕೆಯೆಲ್ಲ ಚಿಪ್ಪಿಂಗ್ ಸುತ್ತಿಗೆಯಿಂದ ಉದುರಿಸು, ಕಣ್ಣಿಗೆ ಕನ್ನಡಕ ಇರಲಿ. ಆಮೇಲೆ ಸಂತೆಯಲ್ಲಿ ಗಡಿಗೆ ಬಾರಿಸಿ ಕೊಳ್ಳುವ ಹಾಗೆ ಚಾನಲ್ಲಿನ ಉದ್ದಕ್ಕೂ ಅರ್ಧ ಗೇಣಿಗೊಂದರಂತೆ ಸುತ್ತಿಗೆ ಬಡಿಯುತ್ತ ಹೋಗು. ಕ್ಯಾಬಿನ್ ಹತ್ತಿರದ ಗಟ್ಟಿ ಭಾಗದಿಂದ ಶುರು ಮಾಡಿದರೆ ಕಿವಿಗೆ ಸರಿಯಾದ ಸದ್ದು ಯಾವುದೆಂದು ಹಿಡಿಯುತ್ತದೆ. ಟಣ್ ಅಂದರೆ ಕಬ್ಬಿಣ ಇದೆ. ಬೊದ್ ಅಂದ ಕಡೆ ಸೀಮೆಸುಣ್ಣದ ಗುರುತು ಹಾಕಿ, ಮೊನೆಯುಳ್ಳ ಪಂಚ್ ಇಟ್ಟು ಗುದ್ದು. ಪಂಚ್ ತೂರಿದರೆ ಅಲ್ಲಿ ಚಾಸಿ ಇಲ್ಲ, ಚಾಸಿಯ ಆಕಾರದ ತುಕ್ಕು ಇದೆ ಅಷ್ಟೇ. ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಗೇಜ್ ಸಿಕ್ಕರೆ ಇನ್ನೂ ಒಳ್ಳೆಯದು, ಹಡಗು ರಿಪೇರಿ ಮಾಡುವವರ ಹತ್ತಿರ ಇರುತ್ತದೆ. ವಾಸ್ಕೋದಲ್ಲಿ ಹಡಗಿನವರಿಗೆ ಬರವೇ? ತುಕ್ಕಿಲ್ಲದ ಜಾಗದಲ್ಲಿ ಒಮ್ಮೆ ಅಳೆ, ಅದು ನಿನ್ನ ಗಾಡಿಯ ಮೂಲ ದಪ್ಪ. ಕಾಲು ಭಾಗ ಸವೆದ ಜಾಗಗಳು ಅಲ್ಲಲ್ಲಿ ಇದ್ದರೆ ಸುಧಾರಿಸಬಹುದು. ಗೇಣುಗಟ್ಟಲೆ ಉದ್ದಕ್ಕೆ ಮೂರರಲ್ಲೊಂದು ಭಾಗ ಹೋಗಿದ್ದರೆ ಆ ತುಂಡೇ ಕತ್ತರಿಸಬೇಕು. ಇದು ನನ್ನ ಕೈಲೆಕ್ಕ, ಸರ್ಕಾರದ ನಿಯಮವಲ್ಲ.

ಹ್ಯಾಂಗರ್ ಹತ್ತಿರ ಅಂದಿದ್ದೀಯ, ಆದರೆ ಚಾನಲ್ಲಿನ ಯಾವ ಭಾಗದಲ್ಲಿ ತೂತು ಬಿದ್ದಿದೆ ಅಂತ ನೀನು ಬರೆದಿಲ್ಲ. ನನಗೆ ಎಲ್ಲಕ್ಕಿಂತ ಬೇಕಾದದ್ದು ಅದೇ. ಚಾನಲ್ ಅಂದರೆ ಇಂಗ್ಲಿಷ್ ಸಿ ಅಕ್ಷರದ ಹಾಗೆ ಬಾಗಿಸಿದ ತಗಡು: ನಡುವೆ ನಿಂತ ಮೈ, ಮೇಲೊಂದು ಕೆಳಗೊಂದು ಮಡಿಕೆ. ಲೋಡ್ ಬಿದ್ದು ಚಾಸಿ ಬಾಗುವಾಗ ಒಂದು ಮಡಿಕೆ ಒತ್ತಿಸಿಕೊಳ್ಳುತ್ತದೆ, ಇನ್ನೊಂದು ಎಳೆಸಿಕೊಳ್ಳುತ್ತದೆ, ನಿಂತ ಮೈಯ ನಡುಮಧ್ಯಕ್ಕೆ ಆ ಶ್ರಮ ಹೆಚ್ಚು ತಟ್ಟುವುದಿಲ್ಲ. ಕಂಪನಿಯವರೇ ವೈರಿಂಗ್ ಹಾಯಿಸಲು ಅಲ್ಲಿ ಸಾಲಾಗಿ ತೂತು ಕೊರೆದಿರುತ್ತಾರೆ, ಮಡಿಕೆಗೆ ಮಾತ್ರ ಕೈ ಹಚ್ಚುವುದಿಲ್ಲ. ಆದ್ದರಿಂದ ಮೈಯ ನಡುವೆ ರೂಪಾಯಿ ಅಗಲದ ತೂತು ಬಿದ್ದರೆ ನಾನು ಗಾಬರಿಯಾಗುವುದಿಲ್ಲ. ಮಡಿಕೆಯ ಅಂಚಿನಿಂದ ಶೇಂಗಾ ಕಾಳಿನಷ್ಟು ತುಂಡು ಹೋಗಿದ್ದರೂ ಗಾಡಿ ನಿಲ್ಲಿಸು ಅನ್ನುತ್ತೇನೆ, ಬಿರುಕು ಹುಟ್ಟುವುದು ಅಂಥ ಅಂಚಿನಿಂದ.

ಎರಡೂ ಕಡೆಯ ಚಾನಲ್ಲಿನ ಮೇಲ್ಮಡಿಕೆ ಅಡ್ಡ ಪಟ್ಟಿಗಳ ಸಮೇತ ಪುಡಿಯಾಗಿದ್ದರೆ ಎರಡನೆಯ ಮೇಸ್ತ್ರಿ ಹೇಳಿದ್ದೇ ಸರಿ, ಖರ್ಚು ಮಾಡಬೇಡ. ಹೆಚ್ಚಿನ ಮೀನಿನ ಗಾಡಿಗಳಲ್ಲಿ ನಾನು ನೋಡಿದ ಹಾಗೆ ಹಿಂದಿನ ಆಕ್ಸಲ್‌ನಿಂದ ಬಾಲದ ತನಕ ಕೆಟ್ಟು, ಮುಂದಿನ ಭಾಗ ಗಟ್ಟಿಯಿರುತ್ತದೆ. ಎಂಜಿನ್ ಕಡೆಯ ಆಯಿಲ್ ಜಿಡ್ಡು ಮುಂದಿನ ಭಾಗವನ್ನು ಕಾಯುತ್ತದೆ. ನಿನ್ನದೂ ಹಾಗೇ ಇದ್ದರೆ ರಿಪೇರಿಗೆ ಅರ್ಥವಿದೆ.

ಮೊದಲ ಮೇಸ್ತ್ರಿಯ 'ಮೇಲೊಂದು ಪ್ಲೇಟ್' ವಿದ್ಯೆಯನ್ನು ನಾನೂ ಮಾಡಿದವನೇ. ರಾಣೆಬೆನ್ನೂರಿನಿಂದ ಬಂದು ಇಲ್ಲಿ ಗ್ಯಾರೇಜ್ ಹಾಕಿದ ಹೊಸತು. ಮೀನಿನದೇ ಒಂದು ಮಿನಿ ಲಾರಿ ಬಂತು, ಹಿಂದಿನ ಹ್ಯಾಂಗರ್ ಮುಂದೆ ಚಾನಲ್ ತೂತು. ಮಾಲೀಕನಿಗೆ ಅವಸರ, ನನಗೆ ದುಡ್ಡಿನ ಅವಸರ. ತುಕ್ಕಿನ ಮೇಲೆಯೇ ಮೂಲಕ್ಕಿಂತ ಎರಡು ಪಟ್ಟು ದಪ್ಪದ ಚೌಕ ಪ್ಲೇಟ್ ಇಟ್ಟು ನಾಲ್ಕೂ ಕಡೆ ಸಾಲು ವೆಲ್ಡಿಂಗ್ ಹೊಡೆದೆ. ಎಂಥ ಗಟ್ಟಿ ಕೆಲಸ ಅಂತ ನನಗೇ ಹೆಮ್ಮೆ. ಎಂಟು ತಿಂಗಳಿಗೆ ಕಣಕುಂಬಿ ದಾಟಿ ಜಾಂಬೋಟಿಯ ಕಡೆಗೆ ಹೋಗುವಾಗ ಚಾಸಿ ಬಿರಿಯಿತು. ಪ್ಲೇಟ್ ಇದ್ದಲ್ಲಿ ಅಲ್ಲ, ನನ್ನ ನೆಟ್ಟಗಿನ ವೆಲ್ಡಿಂಗ್ ಗೆರೆಯ ಪಕ್ಕ ಒಂದು ನೂಲು ಬಿಟ್ಟು, ಮೇಲಿನಿಂದ ಕೆಳಕ್ಕೆ ಬ್ಲೇಡಿನಿಂದ ಕೊಯ್ದ ಹಾಗೆ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ತಾರ್ಲೆ ಮೀನಿನ ಕ್ರೇಟುಗಳು ರಸ್ತೆಯ ತುಂಬ. ಆ ಮಾಲೀಕ ನನಗೆ ಬೈಯಲಿಲ್ಲ, ಮತ್ತೆ ಬರಲೂ ಇಲ್ಲ.

ಆ ಬಿರುಕನ್ನು ಬಗ್ಗಿ ನೋಡಿದ ದಿನ ಮೂರು ಸಂಗತಿ ಕಲಿತೆ. ದಪ್ಪ ಪ್ಲೇಟ್ ತಾನು ಬಾಗದೆ ಬಾಗುವ ಶ್ರಮವನ್ನೆಲ್ಲ ತನ್ನ ಅಂಚಿಗೆ ತಳ್ಳುತ್ತದೆ, ಆದ್ದರಿಂದ ಪ್ಲೇಟ್ ಚಾಸಿಯಷ್ಟೇ ದಪ್ಪ ಇರಬೇಕು. ಚಾನಲ್ಲಿಗೆ ಅಡ್ಡಲಾಗಿ ನೆಟ್ಟಗೆ ವೆಲ್ಡಿಂಗ್ ಗೆರೆ ಎಳೆದರೆ ಬಿರುಕಿಗೆ ದಾರಿ ಬರೆದುಕೊಟ್ಟ ಹಾಗೆ. ಪ್ಲೇಟಿನ ಎರಡೂ ತುದಿಯನ್ನು ಓರೆಯಾಗಿ ಕತ್ತರಿಸಿ ಮೀನಿನ ಬಾಯಿಯ ಆಕಾರ ಕೊಡಬೇಕು, ವೆಲ್ಡರುಗಳು ಅದನ್ನು ಫಿಶ್ ಮೌತ್ ಅಂತಲೇ ಕರೆಯುತ್ತಾರೆ. ಮೀನಿನ ಗಾಡಿಗೆ ಮೀನಿನ ಬಾಯಿ, ಮರೆಯುವುದಿಲ್ಲ ನೋಡು. ಮೂರನೆಯದು, ತುಕ್ಕಿನ ಮೇಲೆ ವೆಲ್ಡಿಂಗ್ ಹಿಡಿಯುವುದಿಲ್ಲ. ಕೊಳೆತದ್ದನ್ನು ಹೊಳೆಯುವ ಕಬ್ಬಿಣ ಸಿಗುವ ತನಕ ಕತ್ತರಿಸಿ ತೆಗೆದು, ಪ್ಲೇಟ್ ಆ ಗಟ್ಟಿ ಜಾಗದ ಮೇಲೆ ಎರಡೂ ಕಡೆ ಒಂದು ಗೇಣಾದರೂ ಚಾಚಿಕೊಂಡಿರಬೇಕು. ಮಡಿಕೆಯ ತೀರ ಅಂಚಿಗೆ ವೆಲ್ಡಿಂಗ್ ಮುಟ್ಟಿಸಬಾರದು.

ವೆಲ್ಡಿಂಗ್ ಯಾವುದು ಅಂತ ಕೇಳುತ್ತೀಯ. ಸಿಓಟು ಗ್ಯಾಸಿನಲ್ಲಿ ವೆಲ್ಡಿಂಗ್ ಮಾಡುವ ಮಶಿನ್ ಇರುವವನ ಹತ್ತಿರ ಹೋಗು. ಆರ್ಕ್ ವೆಲ್ಡಿಂಗಿಗೆ 7018 ರಾಡು ಒಳ್ಳೆಯದೇ, ಆದರೆ ಪ್ಯಾಕೆಟ್ ಒಡೆದ ಮೇಲೆ ಅದು ಗೋವಾದ ಗಾಳಿಯಲ್ಲಿ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ತೇವ ಹೊಕ್ಕ ರಾಡಿನಿಂದ ಹೈಡ್ರೋಜನ್ ಸೇರಿ ವೆಲ್ಡಿಂಗ್ ಒಳಗೇ ಬಿರುಕು ಬಿಡುತ್ತದೆ. ರಾಡು ಒಣಗಿಸುವ ಓವನ್ ಇಟ್ಟ ಸಣ್ಣ ಗ್ಯಾರೇಜ್ ನಾನಂತೂ ಕಂಡಿಲ್ಲ. ಕೆಲಸ ಶುರುವಾಗುವ ಮುನ್ನ ಬ್ಯಾಟರಿಯ ಎರಡೂ ತಂತಿ ಬಿಚ್ಚಿಸು, ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್ ಡಬ್ಬಿ, ಇದ್ದರೆ ಅದರ ಕನೆಕ್ಟರ್ ಕೂಡ. ಅರ್ತ್ ಕ್ಲಾಂಪ್ ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಕಚ್ಚಿಸಬೇಕು, ಇಲ್ಲದಿದ್ದರೆ ಕರೆಂಟು ಬೇರಿಂಗಿನ ಮೂಲಕ ಹಾದು ಅದನ್ನು ಸುಡುತ್ತದೆ. ಡೀಸೆಲ್ ಟ್ಯಾಂಕ್ ಇಳಿಸಿಯೇ ಇಡಬೇಕು. 'ಒದ್ದೆ ಗೋಣಿ ಹೊದಿಸಿದರೆ ಸಾಕು' ಅನ್ನುವ ವೆಲ್ಡರ್ ಸಿಕ್ಕರೆ ಅಲ್ಲಿಂದ ಗಾಡಿ ಹೊರಗೆ ತೆಗೆ.

ಚಾಸಿ ನಂಬರ್ ಕೊರೆದ ಜಾಗ ಎಲ್ಲಿದೆ ಅಂತ ಆರ್‌ಸಿ ಹಿಡಿದು ಹುಡುಕಿ, ಮೊದಲೇ ಗ್ರೀಸ್ ಬಳಿದು ಟೇಪ್ ಸುತ್ತು. ಹುಡುಗರು ಗ್ರೈಂಡರ್ ಹಿಡಿದರೆ ಎಲ್ಲವನ್ನೂ ಹೊಳೆಯಿಸಿಬಿಡುತ್ತಾರೆ. ನಂಬರ್ ಅಳಿದರೆ ನೀನು ಕಳ್ಳಗಾಡಿಯವನಾಗುತ್ತೀ. ಭಂಗಾರದ ಅಂಗಡಿಯಿಂದ ಬೇರೆ ಚಾಸಿ ತಂದು ಕೂರಿಸುವ ಸಲಹೆಯನ್ನೂ ಯಾರೋ ಕೊಟ್ಟೇ ಕೊಡುತ್ತಾರೆ. ಆರ್‌ಟಿಒ ಒಪ್ಪಿಗೆ ಇಲ್ಲದೆ ಹಾಗೆ ಮಾಡಿದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಸಿಕ್ಕಿಬೀಳುತ್ತೀ. 8 ವರ್ಷ ದಾಟಿದ ಸರಕು ಗಾಡಿಗೆ ವರ್ಷವರ್ಷವೂ ಪಾಸಿಂಗ್ ಇರುವಾಗ ಒಂದಲ್ಲ ಒಂದು ಸಲ ಅದು ಕಣ್ಣಿಗೆ ಬೀಳುತ್ತದೆ. ಇನ್ನೊಂದು ಲೆಕ್ಕ ಇದೆ: 2027ಕ್ಕೆ ನಿನ್ನ ಗಾಡಿಗೆ 15 ತುಂಬುತ್ತದೆ, ಆಮೇಲೆ ಪಾಸಿಂಗ್ ಫೀಸು ಜೋರಾಗಿ ಏರುತ್ತದೆ. ಗುಜರಿಗೆ ಹಾಕುವ ದಿನ ಬಂದಾಗ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಟ್ಟು ಠೇವಣಿ ಪ್ರಮಾಣಪತ್ರ ತೆಗೆದುಕೋ, ಹೊಸ ಗಾಡಿಯ ತೆರಿಗೆಯಲ್ಲಿ ರಿಯಾಯಿತಿಗೆ ಬರುತ್ತದೆ. ಈಗಿನ ರಿಪೇರಿಗೆ ಎಷ್ಟು ಸುರಿಯಬೇಕು ಅನ್ನುವುದನ್ನು ಇದನ್ನೆಲ್ಲ ಎದುರಿಗಿಟ್ಟುಕೊಂಡು ತೀರ್ಮಾನಿಸು.

ಇನ್ನು ತೊಳೆಯುವ ಮತ್ತು ಬಳಿಯುವ ಮಾತು. ಎಲ್ಲರೂ ಬಣ್ಣದ ಬ್ರಾಂಡ್ ಕೇಳುತ್ತಾರೆ, ತೊಳೆಯುವುದನ್ನು ಯಾರೂ ಕೇಳುವುದಿಲ್ಲ. ತುಕ್ಕಿನ ಸಣ್ಣ ಸಣ್ಣ ಗುಳಿಗಳ ತಳದಲ್ಲಿ ಉಪ್ಪು ಕೂತಿರುತ್ತದೆ, ವೈರ್ ಬ್ರಷ್ ಅಲ್ಲಿಗೆ ಮುಟ್ಟುವುದಿಲ್ಲ, ಬದಲಿಗೆ ಮೇಲಿನ ತುಕ್ಕನ್ನು ಉಜ್ಜಿ ಉಜ್ಜಿ ಹೊಳಪು ಕೊಡುತ್ತದೆ. ಅದರ ಮೇಲೆ ಎಷ್ಟೇ ದುಬಾರಿ ಬಣ್ಣ ಬಳಿದರೂ ಉಪ್ಪು ಬಣ್ಣದ ಪೊರೆಯ ಮೂಲಕವೇ ನೀರು ಎಳೆದುಕೊಂಡು ಗುಳ್ಳೆ ಏಳಿಸುತ್ತದೆ. ಹಾಗಾಗಿ ಪ್ರೆಶರ್ ಪಂಪಿನಲ್ಲಿ ಸಿಹಿನೀರು ಹೊಡೆಸು, ಒಣಗಿಸು, ಬ್ರಷ್ ಹಾಕು, ಮತ್ತೆ ಸಿಹಿನೀರು. ಹೀಗೆ ಮೂರು ಸುತ್ತಾದರೂ ಆಗಲಿ. ಸಮುದ್ರದ ದಂಡೆಯ ಬೋರಿನ ನೀರಾದರೆ ನಾಲಿಗೆಗೆ ಹಚ್ಚಿ ನೋಡು, ಚೂರು ಉಪ್ಪೆನಿಸಿದರೂ ಟ್ಯಾಂಕರ್ ತರಿಸು. ಉಪ್ಪು ಹೋಯಿತೋ ಇಲ್ಲವೋ ತಿಳಿಯಲು ಸುಲಭದ ದಾರಿ ಇದೆ. ಹೊಳೆಯುವಷ್ಟು ಉಜ್ಜಿದ ಜಾಗಕ್ಕೆ ಸಂಜೆ ಒಳ್ಳೆಯ ನೀರು ಚಿಮುಕಿಸಿ ಬಿಡು. ಬೆಳಿಗ್ಗೆ ಎಲ್ಲ ಕಡೆ ತೆಳುವಾಗಿ ಒಂದೇ ಸಮನೆ ಹಳದಿ ಬಂದಿದ್ದರೆ ಚಿಂತೆಯಿಲ್ಲ. ಅಲ್ಲಲ್ಲಿ ಕಡು ಕಂದು ಚುಕ್ಕೆ ಎದ್ದಿದ್ದರೆ ಅಲ್ಲಿ ಇನ್ನೂ ಉಪ್ಪಿದೆ, ಆ ಜಾಗ ಮತ್ತೆ ತೊಳೆ.

ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಲು ಅನುಕೂಲವಿದ್ದರೆ ಅದರಷ್ಟು ಚೆನ್ನ ಯಾವುದೂ ಇಲ್ಲ, ಗುಳಿಯ ತಳವೂ ಸ್ವಚ್ಛವಾಗುತ್ತದೆ. ಹೊಳೆಯ ಮರಳು ಹೊಡೆಯುವವನ ಹತ್ತಿರ ಹೋಗಬೇಡ, ಆ ದೂಳು ಕೆಲಸದ ಹುಡುಗರ ಶ್ವಾಸಕೋಶ ತಿನ್ನುತ್ತದೆ. ಕಾಪರ್ ಸ್ಲ್ಯಾಗ್ ಅಥವಾ ಗಾರ್ನೆಟ್ ಬಳಸುವವನನ್ನು ಹುಡುಕು.

ರಸ್ಟ್ ಕನ್ವರ್ಟರ್ ಅಂತ ಬಾಟಲಿಯಲ್ಲಿ ಸಿಗುತ್ತದಲ್ಲ, ಅದು ಹೊಸದೇನಲ್ಲ. ಹಿಂದೆ ನಮ್ಮಲ್ಲಿ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಅನ್ನುವ ಕಬ್ಬಿಣದ ಲವಣ ಹಾಕಿ ಬರೆಯುವ ಮಸಿ ಮಾಡುತ್ತಿದ್ದರು. ಅಳಲೆಯ ಒಗರು ಅಂದರೆ ಟ್ಯಾನಿನ್, ಅದು ಕಬ್ಬಿಣದ ಜೊತೆ ಕೂಡಿ ಕಪ್ಪಗೆ ಗಟ್ಟಿಯಾಗುತ್ತದೆ. ಕನ್ವರ್ಟರ್‌ನಲ್ಲಿರುವುದು ಅದೇ ಟ್ಯಾನಿಕ್ ಆಮ್ಲ, ಇಲ್ಲವೇ ಫಾಸ್ಫಾರಿಕ್ ಆಮ್ಲ, ಕೆಲವದರಲ್ಲಿ ಎರಡೂ. ಚಕ್ಕೆ ತೆಗೆದ ಮೇಲೆ ಉಳಿದ ತೆಳು ತುಕ್ಕಿಗೆ ಇದು ಸರಿ. ಚಿರೋಟಿಯ ಮೇಲೆ ಸುರಿದರೆ ಮೇಲಿನ ಎಸಳು ಕಪ್ಪಾಗುತ್ತದೆ, ಒಳಗಿನದು ಹಾಗೇ ಇರುತ್ತದೆ. ಕೆಲವು ಎಪಾಕ್ಸಿ ಪ್ರೈಮರ್‌ಗಳು ಆಮ್ಲದ ಕನ್ವರ್ಟರ್ ಮೇಲೆ ಹಿಡಿಯುವುದಿಲ್ಲ, ಡಬ್ಬಿಯ ಮೇಲೆ ಬರೆದದ್ದನ್ನು ಓದಿಸಿಕೋ. ಜಿಂಕ್ ಪ್ರೈಮರ್ ಬೇಕೆಂದರೆ ಅದಕ್ಕೆ ಬರೀ ಬಿಳಿ ಕಬ್ಬಿಣ ತಾಗಬೇಕು. ತುಕ್ಕಿನ ಮೇಲೂ ಕನ್ವರ್ಟರ್ ಮೇಲೂ ಅದು ದಂಡ. ಕೈಯಲ್ಲೇ ಉಜ್ಜಿದ ಚಾಸಿಗೆ ಎರಡು ಡಬ್ಬಿ ಕಲಸುವ ಎಪಾಕ್ಸಿಯೇ ವಾಸಿ. ಬಣ್ಣ ಒಣಗುವಾಗ ಚೂಪು ಅಂಚಿನಿಂದ ಹಿಂದೆ ಸರಿಯುತ್ತದೆ, ಆದ್ದರಿಂದ ಅಂಚು, ರಿವೆಟ್ ತಲೆ, ವೆಲ್ಡಿಂಗ್ ಗೆರೆಗಳಿಗೆ ಮೊದಲು ಬ್ರಷ್‌ನಲ್ಲಿ ಒಂದು ಕೈ ಕೊಟ್ಟು ಆಮೇಲೆ ಸ್ಪ್ರೇ. ಡಾಂಬರಿನಂಥ ದಪ್ಪ ಅಂಡರ್‌ಕೋಟ್ ಮಾತ್ರ ನಿನ್ನ ಗಾಡಿಗೆ ಬೇಡವೇ ಬೇಡ. ಹೊಸ ಗಾಡಿಗೆ ಅದು ಅಂಗಿ, ಹಳೆಯದಕ್ಕೆ ಕಫನ್. ಒಂದು ಕಡೆ ಬಿರಿದು ನೀರು ಒಳಗೆ ಹೊಕ್ಕರೆ ಹೊರಗೆ ಬರುವುದಿಲ್ಲ, ಮೇಲೆ ನೋಡಲು ಕಪ್ಪಗೆ ಚಂದ.

ವೇಳೆಯ ತೊಡಕೊಂದಿದೆ. ಜೂನ್ 1ರಿಂದ ಜುಲೈ 31ರ ತನಕ ಮೀನು ಹಿಡಿಯಲು ನಿಷೇಧ, ಬೋಟು ಬಂದ್, ನಿನ್ನ ಗಾಡಿಗೆ ಆಗಲೇ ಬಿಡುವು. ಆದರೆ ಬಣ್ಣಕ್ಕೆ ಅದಕ್ಕಿಂತ ಕೆಟ್ಟ ಕಾಲ ಗೋವಾದಲ್ಲಿ ಇಲ್ಲ. ಗಾಳಿಯ ತೇವ ಶೇ. 85 ದಾಟಿದಾಗ ಬಣ್ಣ ಬಳಿಯಬಾರದು, ಕಬ್ಬಿಣದ ಮೈ ಇಬ್ಬನಿ ಕಟ್ಟುವ ಮಟ್ಟಕ್ಕಿಂತ 3 ಡಿಗ್ರಿಯಾದರೂ ಬೆಚ್ಚಗಿರಬೇಕು. ಜುಲೈನ ವಾಸ್ಕೋದಲ್ಲಿ ಅದು ಎಲ್ಲಿ ಸಿಗಬೇಕು? ನೀನು ರೋಣದವನು ಅನ್ನುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕತ್ತರಿಸುವುದು, ವೆಲ್ಡಿಂಗ್ ಎಲ್ಲ ಇಲ್ಲೇ ಶೆಡ್ಡಿನಲ್ಲಿ ಮುಗಿಸಿ, ತಾತ್ಕಾಲಿಕಕ್ಕೆ ಒಂದು ಕೈ ರೆಡ್ ಆಕ್ಸೈಡ್ ಬಳಿ. ಬಾಡಿಯನ್ನು ಹಾಗೇ ಕೂರಿಸಿಕೊಂಡು, ಖಾಲಿ ಗಾಡಿಯಲ್ಲಿ ಊರಿಗೆ ಹೋಗು. ಆಷಾಢದಲ್ಲಿ ಗದಗಿನ ಕಡೆ ಬೀಸುವ ಒಣ ಗಾಳಿ ನಿನಗೆ ಗೊತ್ತಿರುವುದೇ. ರೆಡ್ ಆಕ್ಸೈಡ್ ಉಜ್ಜಿ ತೆಗೆದು, ಅಲ್ಲಿಯ ಸಿಹಿನೀರಿನಲ್ಲಿ ಕೊನೆಯ ಸಲ ತೊಳೆದು, ಎಪಾಕ್ಸಿ ಅಲ್ಲೇ ಹೊಡೆಸು. ಒಂದು ವಾರ ಒಣಗಲಿ, ಪಂಚಮಿ ಮುಗಿಸಿಕೊಂಡೇ ಬಾ. ನನ್ನ ಇಬ್ಬರು ಗಿರಾಕಿಗಳು ಹೀಗೆ ಮಾಡಿದ್ದಾರೆ, ಇಲ್ಲಿ ಬಳಿಸಿದ ಬಣ್ಣಕ್ಕಿಂತ ಅವರದು ಎರಡು ಮಳೆಗಾಲ ಹೆಚ್ಚು ಬಾಳಿದೆ.

ಸುಟ್ಟ ಆಯಿಲ್ ಬಗ್ಗೆ ಕೇಳಿದ್ದೀಯ. ಏನೂ ಇಲ್ಲದ್ದಕ್ಕಿಂತ ಅದು ಮೇಲು ಅನ್ನುವುದು ನಿಜ, ಜಿಡ್ಡು ನೀರು ತಡೆಯುತ್ತದೆ. ಆದರೆ ಎಂಜಿನ್ನಿನಲ್ಲಿ ಸುಟ್ಟ ಆಯಿಲಿನಲ್ಲಿ ಆಮ್ಲ, ಮಸಿ, ಲೋಹದ ಚೂರು ಇರುತ್ತವೆ, ಪಾಟಾದ ರಬ್ಬರ್ ಬುಷ್‌ಗಳು ಅದರಲ್ಲಿ ಉಬ್ಬಿ ಹಾಳಾಗುತ್ತವೆ, ತೊಟ್ಟಿಕ್ಕಿದ್ದು ಬಾವಿಗೆ ಇಂಗುತ್ತದೆ. ನೀನು ಸಾಗಿಸುವುದು ಜನ ತಿನ್ನುವ ಮೀನು ಅನ್ನುವುದೂ ನೆನಪಿರಲಿ. ಅದರ ಬದಲು ಕ್ಯಾವಿಟಿ ವ್ಯಾಕ್ಸ್ ಅಥವಾ ಲ್ಯಾನೋಲಿನ್ ಸ್ಪ್ರೇ ತೆಗೆದುಕೋ. ಲ್ಯಾನೋಲಿನ್ ಅಂದರೆ ಕುರಿ ಉಣ್ಣೆಯ ಜಿಡ್ಡು. ನಮ್ಮ ಕಡೆ ಕುರುಬರ ಕಂಬಳಿ ಹೊದ್ದು ಮಳೆಯಲ್ಲಿ ಕೂತರೂ ನೀರು ಒಳಗೆ ಇಳಿಯದಿರುವುದಕ್ಕೆ ಅದೂ ಒಂದು ಕಾರಣ. ಚಾನಲ್ ಎಲ್ಲೆಲ್ಲಿ ನಾಲ್ಕೂ ಕಡೆ ಮುಚ್ಚಿ ಡಬ್ಬದ ಹಾಗಿದೆಯೋ ಅಲ್ಲಿ ಉದ್ದ ನಳಿಕೆ ತೂರಿಸಿ ಒಳಗೆಲ್ಲ ಹೊಡೆಸಬೇಕು. ವೆಲ್ಡಿಂಗ್ ಮಾಡಿದ ಕಡೆ ಒಳಬದಿಯ ಬಣ್ಣ ಸುಟ್ಟುಹೋಗಿರುತ್ತದೆ, ಅಲ್ಲಿಗಂತೂ ಕಡ್ಡಾಯ. ಡಬ್ಬದ ಕೆಳಗಿನ ಸಣ್ಣ ತೂತುಗಳನ್ನು ತುಕ್ಕಿನದೆಂದು ತಿಳಿದು ಮುಚ್ಚಿಬಿಟ್ಟೀಯ, ಅವು ನೀರಿಳಿಯಲು ಬಿಟ್ಟದ್ದು. ಕೆಂಪು ಮಣ್ಣು ಕಟ್ಟಿಕೊಂಡಿದ್ದರೆ ತಂತಿ ಹಾಕಿ ಬಿಡಿಸು. ವ್ಯಾಕ್ಸ್ ವರ್ಷಕ್ಕೊಮ್ಮೆ, ಬಂದ್ ಮುಗಿಯುವ ಮುನ್ನ, ಮತ್ತೆ ಹೊಡೆಸಬೇಕು.

ಬಾಡಿ ವಾಪಸ್ ಕೂರಿಸುವಾಗ ಹಳೆಯ ಮರದ ಪಟ್ಟಿ ಎಸೆದು ನೀರು ಹೀರದ ಗಟ್ಟಿ ರಬ್ಬರ್ ಪ್ಯಾಕಿಂಗ್ ಹಾಕಿಸು. ಅದೂ ಉದ್ದಕ್ಕೆ ಒಂದೇ ಪಟ್ಟಿಯಾಗಿ ಬೇಡ, ತುಂಡು ತುಂಡಾಗಿ, ನಡುವೆ ನೀರು ಹಾಯುವಷ್ಟು ಸಂದು ಬಿಟ್ಟು. ಬಾಡಿಯ ತಳಕ್ಕೆ ಫೈಬರ್ ಹಾಸಿ ಮೂಲೆಗಳನ್ನೆಲ್ಲ ಮುಚ್ಚಿಸಿ, ನೀರು ಒಂದೇ ಕಡೆ ಇಳಿಯುವ ಹಾಗೆ ಮಾಡು. ಅಲ್ಲಿಂದ ಒಂದು ಪೈಪು ಇಳಿಸಿ, ಹಿಂದೆ ನೇತುಬಿಟ್ಟ ಕ್ಯಾನಿಗೆ ಕೊಡಿಸು. ರಸ್ತೆಗೆ ಮೀನಿನ ನೀರು ಚೆಲ್ಲಿದರೆ ಬೈಕಿನವರು ಜಾರಿ ಬೀಳುತ್ತಾರೆ. ಟ್ರಿಪ್ ಮುಗಿದ ಮೇಲೆ ಬಾಡಿ ತೊಳೆಯುವುದನ್ನು ಜೆಟ್ಟಿಯಲ್ಲಿ ಮಾಡಬೇಡ, ಅಲ್ಲಿ ಹುಡುಗರು ಬಕೆಟ್ಟಿನಲ್ಲಿ ಸಮುದ್ರದ ನೀರನ್ನೇ ಎತ್ತಿ ಸುರಿಯುತ್ತಾರೆ. ಬೆಳಗಾವಿಯಲ್ಲಿ ಮೀನು ಇಳಿಸಿದ ಕೂಡಲೇ ಅಲ್ಲಿಯ ಸಿಹಿನೀರಿನಲ್ಲಿ ಮೇಲೆ ಕೆಳಗೆ ಎರಡೂ ತೊಳೆಸಿಕೊಂಡು, ಮೂತಿ ಮೇಲಾಗಿ ಇಳಿಜಾರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ನೀರು ಬಸಿದ ಮೇಲೆ ಹೊರಡು.

ಆಗಸ್ಟಿನ ಮೊದಲ ಟ್ರಿಪ್ಪಿಗೆ ಅರ್ಧ ಲೋಡ್ ಸಾಕು. ಬಂದ ಮೇಲೆ ಹೊಸ ವೆಲ್ಡಿಂಗ್ ಗೆರೆಗಳ ತುದಿಯನ್ನು ಟಾರ್ಚ್ ಹಿಡಿದು ನೋಡು, ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆ ಎದ್ದಿದ್ದರೂ ವೆಲ್ಡರ್ ಹತ್ತಿರ ವಾಪಸ್ ಹೋಗು. ಹಾಗೇ ಕ್ಯಾನಿಗೆ ಹೋಗುವ ಪೈಪಿನ ಕೆಳಗೆ ಬಗ್ಗಿ ಕೂತು ಎರಡು ನಿಮಿಷ ಕಾಯಿ. ಒಂದು ಹನಿ ಚಾಸಿಯ ಮೇಲೆ ಬಿದ್ದರೂ ಪೈಪನ್ನು ಇನ್ನೊಂದು ಗೇಣು ಉದ್ದ ಮಾಡಿಸು.